ಬಸ್ಸು ಹತ್ತಿದರೆ ವಾಂತಿ: ಹೆತ್ತವರಿಗೂ ಶಿಕ್ಷಕರಿಗೂ ನಾಲ್ಕು ಮಾತು

(ಸಂಸ್ಥೆಯ ವಾರ್ಷಿಕ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆಯಲ್ಲಿ ಯಾವ ವಿಷಯ ಮಾತಾಡುತ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಕೊಟ್ಟ ಉತ್ತರಕ್ಕೆ ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ನಕ್ಕರು. ಶಿಕ್ಷಣದ ಮಹತ್ವ, ಮಕ್ಕಳ ಶಿಸ್ತು, ಮಾತೃಭಾಷೆಯ ಕಲಿಕೆ ಇವನ್ನೆಲ್ಲ ಬಿಟ್ಟು ವಾಂತಿಯ ಬಗ್ಗೆ ಯಾರಾದರೂ ಭಾಷಣ ಮಾಡುತ್ತಾರೆಯೇ ಎಂದು ಒಬ್ಬರು ಕೇಳಿಯೂ ಬಿಟ್ಟರು. ಆದರೆ ಸಭೆಯಲ್ಲಿ, "ನಿಮ್ಮಲ್ಲಿ ಯಾರ ಮನೆಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಗುವಿದೆ?" ಎಂದು ನಾನು ಕೇಳಿದ ಕೂಡಲೇ ತಾಯಂದಿರ ಸಾಲಿನಲ್ಲಿ ಎದ್ದ ಕೈಗಳನ್ನು ನೀವು ನೋಡಬೇಕಿತ್ತು. ಆಮೇಲೆ ಯಾರೂ ನಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆಯಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಓದಿ ತಿಳಿದದ್ದು, ವೈದ್ಯರನ್ನು ಕೇಳಿ ತಿಳಿದದ್ದು ಮತ್ತು ಒಬ್ಬ ಹುಡುಗಿಯಿಂದ ಕಲಿತದ್ದು, ಇಷ್ಟೇ ನನ್ನ ಬಂಡವಾಳ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಎಂಟನೇ ತರಗತಿಗೆ ಆ ಹುಡುಗಿ ಸೇರಿದಳು. ಅವಳ ಊರು ಶಾಲೆಯಿಂದ 24 ಕಿಲೋಮೀಟರ್. ಏಳನೆಯವರೆಗೆ ಊರಿನಲ್ಲೇ ಉರ್ದು ಶಾಲೆ, ಮನೆಯಿಂದ ಐದು ನಿಮಿಷದ ನಡಿಗೆ. ಮುಂದೆ ಓದಬೇಕೆಂದರೆ ಬಸ್ಸು ಹತ್ತಲೇಬೇಕು. ಮಲೆನಾಡಿನ ರಸ್ತೆ ನಿಮಗೆ ಗೊತ್ತೇ ಇದೆ, ಇನ್ನೂರು ಗಜ ನೇರವಾಗಿ ಹೋದರೆ ಹೆಚ್ಚು.

ಬೆಳಗಿನ ಮೊದಲ ಪೀರಿಯಡ್ ನನ್ನದು. ಅವಳು ತಡವಾಗಿ ಬರುತ್ತಿದ್ದಳು. ಮುಖ ಬಿಳಿಚಿಕೊಂಡಿರುತ್ತಿತ್ತು, ನಲ್ಲಿಯಲ್ಲಿ ಮುಖ ತೊಳೆದು ಬಂದದ್ದಕ್ಕೆ ತಲೆವಸ್ತ್ರದ ಅಂಚು ಒದ್ದೆ. ಕುಳಿತ ಹತ್ತು ನಿಮಿಷಕ್ಕೆ ಆಕಳಿಕೆ, ಆಮೇಲೆ ಡೆಸ್ಕಿನ ಮೇಲೆ ತಲೆ. ನಾನು ಎರಡು ಸಲ ಅವಳನ್ನು ನಿಲ್ಲಿಸಿದೆ. "ಬೆಳಿಗ್ಗೆ ಬೆಳಿಗ್ಗೆಯೇ ನಿದ್ದೆಯೇನಮ್ಮ? ರಾತ್ರಿಯೆಲ್ಲ ಟಿ.ವಿ. ನೋಡಿದೆಯಾ?" ಎಂದು ಎಲ್ಲರ ಮುಂದೆ ಕೇಳಿದೆ. ಅವಳು ಏನೂ ಹೇಳದೆ ನಿಂತಳು. ಹುಡುಗಿಯರು ಅವಳನ್ನು "ನಿಂಬೆಹಣ್ಣು" ಎಂದು ಕರೆಯುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಏಕೆ ಹಾಗೆ ಕರೆಯುತ್ತಾರೆಂದು ನಾನು ವಿಚಾರಿಸಲಿಲ್ಲ. ಬಸ್ಸಿನಲ್ಲಿ ಮೂಸುವುದಕ್ಕೆ ಅವಳು ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಬರುತ್ತಿದ್ದಳು, ಅಷ್ಟೇ.

ಆಗಸ್ಟ್ ತಿಂಗಳಲ್ಲಿ ಹನ್ನೊಂದು ದಿನ ಗೈರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವಳ ತಂದೆ ಬಂದರು. ಸಂತೆಯಿಂದ ಸಂತೆಗೆ ಬಟ್ಟೆ ಮಾರುವವರು.

"ಆಪಾ, ಟಿ.ಸಿ. ಕೊಟ್ಟುಬಿಡಿ. ಬಸ್ಸು ಅವಳ ಮೈಗೆ ಒಗ್ಗಲ್ಲ. ಓದೋ ಆಸೆ ಅವಳಿಗೂ ಇದೆ, ನಮಗೂ ಇದೆ. ದಿನಾ ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ವಾಂತಿ ಮಾಡಿಕೊಂಡ್ರೆ ಎಷ್ಟು ದಿನ ತಡೀತಾಳೆ? ನಾನೂ ದಿನಾ ಬಸ್ಸಲ್ಲೇ ಓಡಾಡೋನು. ನನಗೇನೂ ಆಗಲ್ಲ. ಇವಳಿಗೆ ಯಾಕೆ ಹೀಗೋ!"

ಓದುಗರೇ, ಪ್ರಯಾಣಿಕ ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡುದಾಗಿ ಬರೆದಿದ್ದಾನೆ. ನಮ್ಮ ಸಭೆಗಳಲ್ಲಿ ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ನಾನೂ ಹೇಳಿದ್ದೇನೆ. ಆ ದಿನ ಮಾತ್ರ ನನಗೆ ಬೇರೆಯೇ ಹೊಳೆಯಿತು. ಆ ಹೆಣ್ಣುಮಕ್ಕಳ ಶಾಲೆ ಅವರ ಓಣಿಯಲ್ಲೇ ಇದ್ದಿರಬೇಕು, ಯಾರೂ ಬಸ್ಸು ಹತ್ತಬೇಕಾಗಿರಲಿಲ್ಲ. ಇಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಏಳನೆಯ ತರಗತಿಯ ನಂತರ ಓದು ಎಂದರೆ ಬಸ್ಸು ಎಂದೇ ಅರ್ಥ.

"ಭಾಯಿ, ನನಗೆ ಒಂದು ತಿಂಗಳು ಕೊಡಿ" ಎಂದೆ. ಅವರು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ಟಿ.ಸಿ.ಗೆ ಬರೆದ ಅರ್ಜಿ ನನ್ನ ಡ್ರಾಯರಿನಲ್ಲಿ ಉಳಿಯಿತು.

ನಾಚಿಕೆಯಾಗುವ ಸಂಗತಿ ಏನೆಂದರೆ, ಬಾಲ್ಯದಲ್ಲಿ ನನಗೂ ಇದೇ ತೊಂದರೆ ಇತ್ತು. ನಮ್ಮ ನಾನಿ ನನ್ನನ್ನು ಬಸ್ಸಿನ ಸೀಟಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಕೂರಿಸುತ್ತಿದ್ದರು, ಬಾಯಿಗೆ ಹುಣಸೆಹಣ್ಣು ಹಾಕುತ್ತಿದ್ದರು. ಪತ್ರಿಕೆಯ ಮೇಲೆ ಕೂತರೆ ವಾಂತಿ ನಿಲ್ಲುತ್ತದೆಂದು ಅವರ ಗಟ್ಟಿ ನಂಬಿಕೆ. ನಿಲ್ಲುತ್ತಿರಲಿಲ್ಲ, ಆದರೆ ಪತ್ರಿಕೆ ಬೇರೆ ಉಪಯೋಗಕ್ಕೆ ಬರುತ್ತಿತ್ತು! ದೂರದ ಮದುವೆಗಳಿಗೆ ನನ್ನನ್ನು ಕರೆದೊಯ್ಯುವುದನ್ನೇ ಅಮ್ಮಿ ನಿಲ್ಲಿಸಿದ್ದರು. ಇಷ್ಟೆಲ್ಲ ಅನುಭವಿಸಿದ ನಾನೇ ಆ ಹುಡುಗಿಯ ಆಕಳಿಕೆಯನ್ನು ಸೋಮಾರಿತನ ಎಂದುಕೊಂಡೆ.

ಅದು ಸೋಮಾರಿತನವಲ್ಲ ಎಂಬುದನ್ನು ಆಮೇಲೆ ಓದಿ ತಿಳಿದೆ. ಪ್ರಯಾಣದ ತೊಂದರೆ ಶುರುವಾಗುವುದೇ ಆಕಳಿಕೆಯಿಂದ, ತಣ್ಣನೆಯ ಬೆವರಿನಿಂದ, ಬಾಯಲ್ಲಿ ನೀರೂರುವುದರಿಂದ. ಕೆಲವರಿಗೆ ವಾಂತಿಯೇ ಆಗದೆ ಬರೀ ಜಡತೆ ಮತ್ತು ತೂಕಡಿಕೆ ಬರುತ್ತದೆ, ಅದು ಬಸ್ಸಿಳಿದ ಮೇಲೂ ಗಂಟೆಗಟ್ಟಲೆ ಇರಬಹುದು. 1976ರಲ್ಲಿ ವೈದ್ಯವಿಜ್ಞಾನಿಗಳು ಇದಕ್ಕೆ "ಸೋಪೈಟ್ ಸಿಂಡ್ರೋಮ್" ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಶಿಕ್ಷಕ ಮಿತ್ರರು ಇದೊಂದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಮಗು ಎಷ್ಟು ದೂರದಿಂದ, ಯಾವ ರಸ್ತೆಯಲ್ಲಿ ಬಂದಿದೆ ಎಂದು ಮೊದಲು ಕೇಳಿ.

ಇನ್ನು ಕಾರಣಕ್ಕೆ ಬರೋಣ. ಕನ್ನಡದಲ್ಲಿ ನಾವು "ಪಿತ್ತ ಜಾಸ್ತಿ" ಎನ್ನುತ್ತೇವೆ. ಯುನಾನಿ ಹಕೀಮರು "ಸಫ್ರಾ" ಎನ್ನುತ್ತಿದ್ದರು, ಅದೂ ಪಿತ್ತವೇ. ಎರಡು ಭಾಷೆಗಳೂ ಹೊಟ್ಟೆಯನ್ನೇ ದೂರುತ್ತವೆ. ಅರಬರು ಮಾತ್ರ ಇದಕ್ಕೆ "ದುವಾರುಲ್ ಬಹ್ರ್" ಎಂದರು, ಕಡಲಿನ ತಲೆಸುತ್ತು ಎಂದರ್ಥ. ಇಂಗ್ಲಿಷರ "ನಾಸಿಯ" ಎಂಬ ಪದ ಹುಟ್ಟಿದ್ದು ಹಡಗು ಎಂಬ ಅರ್ಥದ ಗ್ರೀಕ್ ಪದದಿಂದ. ಭಾಷಾಶಿಕ್ಷಕಿಯಾಗಿ ಹೇಳುವುದಾದರೆ ಅರಬರೂ ಗ್ರೀಕರೂ ನಮಗಿಂತ ಸತ್ಯಕ್ಕೆ ಹತ್ತಿರವಿದ್ದರು. ಏಕೆಂದರೆ ಜಗಳ ಶುರುವಾಗುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ.

ನಮ್ಮ ಒಳಕಿವಿಯಲ್ಲಿ ಮೂರು ಅರ್ಧವರ್ತುಲಾಕಾರದ ನಾಳಗಳಿವೆ. ಒಳಗೆ ದ್ರವ, ಅದರ ಅಲುಗಾಟವನ್ನು ತಿಳಿಯುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು. ತಲೆ ತಿರುಗಿದರೆ ಈ ನಾಳಗಳಿಗೆ ಗೊತ್ತಾಗುತ್ತದೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ, ಅವುಗಳಲ್ಲಿ ಸುಣ್ಣದ ಹರಳುಗಳು. ಮೇಲೆ ಕೆಳಗೆ, ಹಿಂದೆ ಮುಂದೆ ಹೋಗುವುದು ಇವುಗಳಿಗೆ ತಿಳಿಯುತ್ತದೆ. ತರಗತಿಯಲ್ಲಿ ಇದನ್ನು ತೋರಿಸಲು ನಾನು ಒಂದು ಪಾತ್ರೆಯಲ್ಲಿ ನೀರು ತುಂಬಿ, ಮೇಲೆ ನಾಲ್ಕು ಚೂರು ಒಣ ಎಲೆ ಹಾಕಿ, ಪಾತ್ರೆಯನ್ನು ಗಿರ್ರನೆ ತಿರುಗಿಸುತ್ತೇನೆ. ಮೊದಲು ಪಾತ್ರೆ ತಿರುಗುತ್ತದೆ, ಎಲೆಚೂರು ನಿಂತೇ ಇರುತ್ತವೆ. ಸ್ವಲ್ಪ ಹೊತ್ತಿಗೆ ನೀರೂ ತಿರುಗುತ್ತದೆ. ಈಗ ಪಾತ್ರೆಯನ್ನು ಹಿಡಿದು ನಿಲ್ಲಿಸಿದರೂ ಎಲೆಚೂರು ತಿರುಗುತ್ತಲೇ ಇರುತ್ತವೆ. ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತ ಮಗುವಿಗೆ ಮನೆಯೇ ತಿರುಗಿದಂತೆ ಕಾಣುವುದು ಇದೇ ಕಾರಣಕ್ಕೆ.

ಬಸ್ಸಿನಲ್ಲಿ ಪುಸ್ತಕ ಓದುತ್ತ ಕುಳಿತ ಮಗುವನ್ನು ನೆನೆಯಿರಿ. ಪುಸ್ತಕದ ಅಕ್ಷರ ನೋಡುತ್ತಿರುವ ಕಣ್ಣು "ನಾವು ಅಲ್ಲಾಡುತ್ತಿಲ್ಲ" ಎನ್ನುತ್ತದೆ. ಒಳಕಿವಿ "ಎಡಕ್ಕೆ ತಿರುಗಿದೆವು, ಮೇಲೆದ್ದೆವು, ಬ್ರೇಕ್ ಬಿತ್ತು" ಎನ್ನುತ್ತದೆ. ಈ ಎರಡು ಸಾಕ್ಷಿಗಳು ಹೊಂದದಿರುವುದೇ ತೊಂದರೆಯ ಮೂಲ ಎಂಬ ವಿವರಣೆಯನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ಡ್ರೈವರಿಗೆ ವಾಂತಿ ಬರುವುದು ಅಪರೂಪ ಏಕೆಂದರೆ ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು, ತಿರುಗಿಸುವವನೂ ಅವನೇ. ಈ ಜಗಳಕ್ಕೆ ಹೊಟ್ಟೆ ಏಕೆ ಖಾಲಿಯಾಗಬೇಕು ಎಂಬುದಕ್ಕೆ 1977ರಲ್ಲಿ ಟ್ರೀಸ್‌ಮನ್ ಎಂಬ ವಿಜ್ಞಾನಿ ಒಂದು ಊಹೆ ಮುಂದಿಟ್ಟರು. ಕಣ್ಣು ಮತ್ತು ಕಿವಿ ಹೊಂದದಿದ್ದರೆ ವಿಷ ಸೇವನೆಯಾಗಿದೆ ಎಂದು ಮಿದುಳು ತಪ್ಪಾಗಿ ತಿಳಿದು ಹೊಟ್ಟೆಯನ್ನು ಖಾಲಿ ಮಾಡಿಸುತ್ತದಂತೆ. ಇದಕ್ಕೆ ಪೂರ್ತಿ ಪುರಾವೆ ಇಲ್ಲ, ಆದರೂ ಕೇಳಲು ಚೆನ್ನಾಗಿದೆ.

ಕಿವಿಯೇ ಮೂಲ ಎಂಬುದಕ್ಕೆ ಪುರಾವೆ ಮಾತ್ರ ಬಲವಾಗಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನಿಂದ ಹನ್ನೊಂದು ಜನರನ್ನು ಪ್ರಯೋಗಕ್ಕೆ ಆರಿಸಿದವು. ಅವರಲ್ಲಿ ಹತ್ತು ಜನರಿಗೆ ಚಿಕ್ಕಂದಿನ ಮಿದುಳು ಜ್ವರದಿಂದ ಕಿವಿ ಹೋಗಿತ್ತು, ಜೊತೆಗೆ ಒಳಕಿವಿಯ ಈ ಸಮತೋಲನದ ಅಂಗವೂ ಕೆಟ್ಟಿತ್ತು. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಬಿರುಸಾದ ಸಮುದ್ರಕ್ಕೆ ಅವರನ್ನು ಕರೆದೊಯ್ದರು. ಅವರು ಆರಾಮವಾಗಿ ಇಸ್ಪೀಟು ಆಡುತ್ತ ಕುಳಿತಿದ್ದರೆ, ಪರೀಕ್ಷಿಸಲು ಬಂದ ಸಂಶೋಧಕರೇ ವಾಂತಿ ಮಾಡಿಕೊಂಡು ಪ್ರಯೋಗವನ್ನು ನಿಲ್ಲಿಸಬೇಕಾಯಿತು! ಕಿವಿ ಕೇಳದ ಮಕ್ಕಳನ್ನು ಕೊರತೆಯವರೆಂದೇ ನೋಡುವ ನಮಗೆ ಇದು ಗೊತ್ತಿರಬೇಕಾದ ಕಥೆ. ಬಾಹ್ಯಾಕಾಶ ಯಾನದ ಸಿದ್ಧತೆಗೆ ಈ ಹನ್ನೊಂದು ಜನರಿಂದ ಬಹಳ ಉಪಕಾರವಾಯಿತು.

ತಂದೆಯವರ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ತೊಂದರೆ ಬಹಳ ಕಡಿಮೆ. ಎರಡರಿಂದ ಹನ್ನೆರಡರವರೆಗೆ ಹೆಚ್ಚು, ನಂತರ ನಿಧಾನವಾಗಿ ಇಳಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು, ಅರೆತಲೆನೋವು ಇರುವವರಲ್ಲೂ ಹಾಗೆಯೇ. ಸಂತೆಗೆ ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ಗಂಡಸಿಗೂ ಹದಿಮೂರರ ಹುಡುಗಿಗೂ ಹೋಲಿಕೆ ಸಲ್ಲದು.

ಇದು ದುರ್ಬಲರ ಕಾಯಿಲೆ ಎಂದುಕೊಳ್ಳಬೇಡಿ. ಬ್ರಿಟಿಷರ ಮಹಾ ನೌಕಾಸೇನಾನಿ ನೆಲ್ಸನ್‌ಗೆ ಕೊನೆಯವರೆಗೂ ಕಡಲಿನಲ್ಲಿ ವಾಕರಿಕೆ ಬಿಡಲಿಲ್ಲ. ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದಾಗ ಐದು ವರ್ಷವೂ ನರಳಿದ. 1961ರ ಆಗಸ್ಟ್‌ನಲ್ಲಿ ವೋಸ್ತೋಕ್ 2 ನೌಕೆಯಲ್ಲಿ ಹೋದ ರಷ್ಯದ ಗೆರ್ಮನ್ ತಿತೋವ್ ಬಾಹ್ಯಾಕಾಶದಲ್ಲಿ ವಾಂತಿ ಮಾಡಿಕೊಂಡ ಮೊದಲ ಮನುಷ್ಯ. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಅಲ್ಲಿ ಯೋಗಾಭ್ಯಾಸ ಮಾಡಿದ್ದರಲ್ಲೂ ಈ ತೊಂದರೆಗೆ ಅದರಿಂದ ಪ್ರಯೋಜನವಿದೆಯೇ ಎಂದು ನೋಡುವ ಉದ್ದೇಶ ಇತ್ತು.

ನಮ್ಮ ಮನೆಯಲ್ಲೇ ಒಂದು ಹಡಗಿನ ಕಥೆ ಇದೆ. ನಮ್ಮ ನಾನಾ 1970ರ ದಶಕದಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಹಜ್‌ಗೆ ಹೋದವರು. ಆಗ ಜಿದ್ದಾ ತಲುಪಲು ವಾರದ ಪ್ರಯಾಣ. 1995ರಲ್ಲಿ ಆ ಹಡಗು ಯಾತ್ರೆ ನಿಂತುಹೋಯಿತು, ಈಗಿನ ಹಾಜಿಗಳಿಗೆ ವಿಮಾನದ ಕೆಲವು ಗಂಟೆಗಳಷ್ಟೇ. ಮೊದಲ ಎರಡು ದಿನ ನಾನಾ ಹಾಸಿಗೆಯಿಂದ ಏಳಲಿಲ್ಲವಂತೆ. ಕೆಳಗಿನ ಅಂತಸ್ತಿನ ಉಸಿರುಕಟ್ಟುವ ಜಾಗ, ಎಣ್ಣೆಯ ವಾಸನೆ, ಪಕ್ಕದವರೂ ಹಾಗೇ ಮಲಗಿದವರು. ಮೂರನೆಯ ದಿನ ಒಬ್ಬ ಖಲಾಸಿ ಅವರ ಕೈ ಹಿಡಿದು ಮೇಲಿನ ಡೆಕ್ಕಿಗೆ ಕರೆತಂದು, "ಚಾಚಾ, ನೀರನ್ನು ನೋಡಬೇಡಿ, ನೀರು ಆಕಾಶ ಸೇರುವ ಗೆರೆ ನೋಡಿ" ಎಂದನಂತೆ. ನಾಲ್ಕನೆಯ ದಿನ ಖಿಚಡಿ ಕೇಳಿ ತಿಂದರು. ಊರಿಗೆ ಮರಳಿದ ಮೇಲೆ ಎರಡು ದಿನ ನಮಾಜಿಗೆ ನಿಂತಾಗ ಮನೆಯ ನೆಲವೇ ಏಳುತ್ತಿತ್ತು, ಇಳಿಯುತ್ತಿತ್ತು ಎಂದು ನಗುತ್ತಿದ್ದರು. ನಾನು ಅದನ್ನು ಅತಿಶಯೋಕ್ತಿ ಎಂದುಕೊಂಡಿದ್ದೆ. ಅಲ್ಲ. ಮಿದುಳು ಹಡಗಿಗೆ ಹೊಂದಿಕೊಂಡ ಮೇಲೆ ನೆಲಕ್ಕೆ ಮತ್ತೆ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು.

ಹಡಗು ಏಕೆ ಇಷ್ಟು ಕಾಡುತ್ತದೆ ಎಂದರೆ, ಸುಮಾರು ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಏಳುವ, ಬೀಳುವ ಚಲನೆ ಮನುಷ್ಯನಿಗೆ ಅತ್ಯಂತ ಕೆಟ್ಟದ್ದು. ಸ್ಕೂಟರಿನ, ಆಟೋದ ಚುರುಕಾದ ಕುಲುಕಾಟದಿಂದ ಬೆನ್ನು ನೋಯಬಹುದು, ವಾಂತಿ ಬರುವುದು ಕಡಿಮೆ.

ಆ ಖಲಾಸಿಯ ಮಾತಿನಲ್ಲಿ ಎರಡು ಔಷಧಗಳಿದ್ದವು, ಒಂದು ದಿಗಂತ, ಇನ್ನೊಂದು ಅಭ್ಯಾಸ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಕೇಳಿದಾಗ ಗೊತ್ತಾಯಿತು, ಅವಳು ಮಾಡುತ್ತಿದ್ದುದೆಲ್ಲ ಅದಕ್ಕೆ ವಿರುದ್ಧ. ಕುಳಿತುಕೊಳ್ಳುವುದು ಬಸ್ಸಿನ ಕೊನೆಯ ಸೀಟು, ಅಲ್ಲಿ ಎತ್ತಿ ಹಾಕುವುದು ಹೆಚ್ಚು, ರಸ್ತೆ ಕಾಣುವುದಿಲ್ಲ. ವಾಂತಿಯ ಹೆದರಿಕೆಗೆ ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಮೂರನೆಯ ಕಾರಣ ಕೇಳಿ ನನ್ನ ಬಾಯಿ ಕಟ್ಟಿತು. ಮೊದಲ ಪೀರಿಯಡ್‌ನಲ್ಲಿ ನಾನು ಪ್ರಶ್ನೆ ಕೇಳುತ್ತೇನೆಂದು ಬಸ್ಸಿನಲ್ಲಿ ಕನ್ನಡ ನೋಟ್ಸ್ ಓದುತ್ತ ಬರುತ್ತಿದ್ದಳು.

ಡ್ರೈವರ್ ಹಿಂದಿನ ಮೊದಲ ಸಾಲಿನಲ್ಲಿ ಅವಳಿಗೊಂದು ಜಾಗ ಬೇಕಿತ್ತು. ಅವಳ ತಂದೆ ಕಂಡಕ್ಟರಿಗೆ ಹೇಳಿದರು. ಆತ ಮೊದಲು ಗೊಣಗಿ, ಆಮೇಲೆ ತಾನೇ ಚೀಲ ಇಟ್ಟು ಸೀಟು ಕಾಯ್ದಿಡತೊಡಗಿದ. ಬಸ್ಸಿನಲ್ಲಿ ಪುಸ್ತಕ ಮುಟ್ಟಬಾರದು, ಮೊಬೈಲ್ ಅಂತೂ ಬೇಡವೇ ಬೇಡ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಒಣ ರೊಟ್ಟಿ. ಎಣ್ಣೆ ಪದಾರ್ಥ ಬೇಡ, ಖಾಲಿ ಹೊಟ್ಟೆಯೂ ಬೇಡ. ತಲೆಯನ್ನು ಅತ್ತಿತ್ತ ಹೊರಳಿಸದೆ ಸೀಟಿಗೆ ಒರಗಿಸಿ, ಕಿಟಕಿಯ ಗಾಳಿಗೆ ಮುಖ ಕೊಟ್ಟು, ದೂರದ ರಸ್ತೆಯನ್ನೇ ನೋಡಬೇಕು. ತೀರಾ ತಡೆಯದಾದಾಗ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಬೇಕು. ನಿಂಬೆಹಣ್ಣು ಇರಲಿ ಎಂದೆ. ಡೀಸೆಲ್ ವಾಸನೆಗಿಂತ ಅದರ ವಾಸನೆ ಹಿತ, ಅದರಿಂದ ಕೆಡುಕಿಲ್ಲ. ಶುಂಠಿಯಿಂದ ಕೆಲವರಿಗೆ ಅನುಕೂಲವಾಗುತ್ತದೆ, ಪರೀಕ್ಷೆಗಳ ಫಲಿತಾಂಶ ಮಾತ್ರ ಒಂದೇ ರೀತಿ ಇಲ್ಲ. ಪತ್ರಿಕೆಯ ಮೇಲೆ ಕೂರುವುದನ್ನು ನಾನು ಹೇಳಿಕೊಡಲಿಲ್ಲ. ನಾನಿ ಕ್ಷಮಿಸಲಿ.

ಮಾತ್ರೆಯ ವಿಷಯ ತಾಯಂದಿರು ಸಭೆಯಲ್ಲೂ ಕೇಳಿದ್ದರಿಂದ ಬರೆಯುತ್ತೇನೆ. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಮೈಮೇಲೆ ಗಂಧೆ ಏಳುತ್ತಿದ್ದ ಒಬ್ಬ ಗರ್ಭಿಣಿ ಬಂದಳು. ಅಲರ್ಜಿಗೆಂದು ಹೊಸ ಔಷಧ ಕೊಟ್ಟರು. ಟ್ರಾಮ್ ಹತ್ತಿದರೆ ಯಾವಾಗಲೂ ವಾಕರಿಸುತ್ತಿದ್ದ ಆಕೆಗೆ ಆ ಔಷಧ ತೆಗೆದುಕೊಂಡ ದಿನಗಳಲ್ಲಿ ವಾಕರಿಕೆಯೇ ಇರಲಿಲ್ಲ. ಅದನ್ನು ಹಿಡಿದು ಅದೇ ವರ್ಷ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದರು, ಫಲ ಸಿಕ್ಕಿತು. ಡೈಮೆನ್‌ಹೈಡ್ರಿನೇಟ್ ಎಂಬ ಮಾತ್ರೆ ಬಂದದ್ದು ಹೀಗೆ. ಪ್ರೊಮೆಥಜಿನ್, ಮೆಕ್ಲಿಜಿನ್, ಸಿನ್ನರಿಜಿನ್ ಇವೂ ಅದೇ ಬಳಗದವು. ಇವನ್ನು ಪ್ರಯಾಣಕ್ಕೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ಎಲ್ಲವೂ ನಿದ್ದೆ ತರಿಸುತ್ತವೆ, ಆದ್ದರಿಂದ ವಾಹನ ಓಡಿಸುವವರು ತೆಗೆದುಕೊಳ್ಳಕೂಡದು. ಎರಡು ವರ್ಷದೊಳಗಿನ ಕೂಸಿಗೆ ಪ್ರೊಮೆಥಜಿನ್ ಕೊಡಲೇಬಾರದು. ಮಕ್ಕಳಿಗೆ ಎಷ್ಟು, ಯಾವುದು ಎಂಬುದನ್ನು ಡಾಕ್ಟರೇ ಹೇಳಬೇಕು, ಮೆಡಿಕಲ್ ಶಾಪಿನ ಹುಡುಗನಲ್ಲ. ಇನ್ನೊಂದು ಮಾತು: ಹೊಟ್ಟೆ ಕೆಟ್ಟಾಗ ಕೊಡುವ ಒಂಡಾನ್ಸೆಟ್ರಾನ್ ಸಿರಪ್ ಮನೆಯಲ್ಲಿ ಉಳಿದಿದೆ ಎಂದು ಬಸ್ಸಿಗೆ ಮುಂಚೆ ಕುಡಿಸುವವರಿದ್ದಾರೆ. ಪ್ರಯಾಣದ ವಾಂತಿಯನ್ನು ಅದು ತಡೆಯುವುದಿಲ್ಲ.

ನಮ್ಮ ಹುಡುಗಿಗೆ ಡಾಕ್ಟರು ಮೊದಲ ವಾರಕ್ಕೆ ಮಾತ್ರ ಮಾತ್ರೆ ಕೊಟ್ಟರು. ದಿನವೂ ನುಂಗಿದರೆ ತರಗತಿಯಲ್ಲಿ ಮಲಗುತ್ತಾಳೆ, ಮಿದುಳು ಬಸ್ಸಿಗೆ ಒಗ್ಗಿಕೊಳ್ಳುವುದೂ ತಡವಾಗುತ್ತದೆ ಎಂದರು. ಆ ವಾರ ಅವಳು ತೂಕಡಿಸಿದಾಗ ನಾನು ನಿಲ್ಲಿಸಲಿಲ್ಲ. ಎರಡನೆಯ ವಾರ ಮೂರು ದಿನ ವಾಂತಿ. ನಾಲ್ಕನೆಯ ವಾರ ಒಂದೇ ದಿನ, ಅದೂ ಬೇರೆ ಡ್ರೈವರ್ ಬಂದಿದ್ದ ದಿನ. ದಸರಾ ರಜೆ ಮುಗಿಸಿ ಬಂದಾಗ ಎಲ್ಲ ಮೊದಲಿನಂತಾಯಿತು, ಅವಳು ಅತ್ತಳು. ಒಗ್ಗಿದ್ದು ರಜೆಯಲ್ಲಿ ಸ್ವಲ್ಪ ಮರೆತುಹೋಗುತ್ತದೆ, ಮತ್ತೆ ಬರುತ್ತದೆ ಎಂದು ಹೇಳಿದೆ. ಹತ್ತು ದಿನಕ್ಕೆ ಬಂತು. ಒಂದು ತಿಂಗಳ ಗಡುವನ್ನು ಅವಳ ತಂದೆ ಕೇಳಲೇ ಇಲ್ಲ. ಮೊದಲ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳುವ ಅಭ್ಯಾಸವನ್ನು ನಾನೂ ಬಿಟ್ಟೆ, ಈಗ ಎರಡನೆಯ ಪೀರಿಯಡ್ ಸಿಕ್ಕಿದ ದಿನ ಮಾತ್ರ ಕೇಳುತ್ತೇನೆ.

ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಡಿಸೆಂಬರಿನಲ್ಲಿ ಶಾಲಾ ಪ್ರವಾಸ ಮಲ್ಪೆಗೆ ಹೊರಟಿತು. ಎರಡು ಮಿನಿ ಬಸ್ಸು. ಆಗುಂಬೆ ಘಾಟಿಯ 14 ತಿರುವುಗಳನ್ನು ಅವಳು ಮುಂದಿನ ಸೀಟಿನಲ್ಲಿ ಕುಳಿತು ಎಣಿಸುತ್ತ ಇಳಿದಳು, ಹಿಂದಿನ ಸೀಟುಗಳಲ್ಲಿ ನಾಲ್ಕು ಗಂಡುಹುಡುಗರು ಚೀಲ ಹಿಡಿದಿದ್ದರು. ಮಲ್ಪೆಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹತ್ತಿದೆವು. ಹತ್ತು ನಿಮಿಷ ಕಳೆದಿರಲಿಲ್ಲ, ದೋಣಿ ನಿಧಾನವಾಗಿ ಏಳುವುದು, ಇಳಿಯುವುದು ಶುರುವಾಯಿತು. ನಾನು ತಲೆ ತಗ್ಗಿಸಿ ಮಕ್ಕಳ ಹೆಸರಿನ ಪಟ್ಟಿ ನೋಡುತ್ತಿದ್ದೆ. ಬಾಯಲ್ಲಿ ನೀರೂರಿತು, ಬೆವರು ಬಂತು. ಅಷ್ಟರಲ್ಲಿ ನನ್ನ ಮಡಿಲಿನ ಪಟ್ಟಿಯನ್ನು ಯಾರೋ ಮೆಲ್ಲಗೆ ಕಸಿದುಕೊಂಡರು. ಒಂದು ಪ್ಲಾಸ್ಟಿಕ್ ಚೀಲ ಕೈಗೆ ಬಂತು, ಜೊತೆಗೆ ಅರ್ಧ ನಿಂಬೆಹಣ್ಣು.

"ಕೆಳಗೆ ನೋಡ್ಬೇಡಿ ಮೇಡಂ. ಅಲ್ಲಿ ತೆಂಗಿನ ಮರ ಕಾಣುತ್ತಲ್ಲ, ಅದನ್ನೇ ನೋಡ್ತಾ ಇರಿ" ಎಂದಳು.

ನೋಡಿದೆ. ಚೀಲವೂ ಬೇಕಾಯಿತು.